ಕೈ ಬೀಸುವ ಮಗ ಈಗ ಬಾಗಿಲನ್ನೂ ಮತ್ತೆ ಮತ್ತೆ ಮುಟ್ಟುತ್ತಾನೆ: ಇದು ಆಟಿಸಮ್ಮೋ, ಒಸಿಡಿಯೋ?

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ನಾಲ್ಕನೇ ವಯಸ್ಸಿನಲ್ಲಿ ಆಟಿಸಂ ಇದೆ ಎಂದು ಗೊತ್ತಾಯಿತು. ಖುಷಿಯಾದಾಗ ಎರಡೂ ಕೈ ಬೀಸುತ್ತಾನೆ, ಫ್ಯಾನ್ ತಿರುಗುವುದನ್ನೇ ನೋಡುತ್ತಾ ನಿಲ್ಲುತ್ತಾನೆ, ಆಟದ ಕಾರುಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡುತ್ತಾನೆ. ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೆವು. ಆದರೆ ಕೆಲವು ತಿಂಗಳಿಂದ ಕೋಣೆಯಿಂದ ಹೊರಗೆ ಬರುವಾಗ ಬಾಗಿಲ ಚೌಕಟ್ಟನ್ನು ಮುಟ್ಟುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ಬಂದು ಮತ್ತೆ ಮುಟ್ಟುತ್ತಾನೆ. ತಡೆದರೆ ಅಳುತ್ತಾನೆ. ರಾತ್ರಿ ಮಲಗುವವರೆಗೂ "ಅಮ್ಮಾ, ನಿನಗೇನೂ ಆಗಲ್ಲ ತಾನೇ?" ಎಂದು ಕೇಳುತ್ತಲೇ ಇರುತ್ತಾನೆ. ಇದು ಆಟಿಸಂ ಹೆಚ್ಚಾಗುತ್ತಿರುವ ಲಕ್ಷಣವೇ, ಇಲ್ಲ ಒಸಿಡಿ ಎನ್ನುವ ಗೀಳಿನ ಕಾಯಿಲೆಯೇ? ಎರಡೂ ಒಂದೇ ಎಂದು ಕೆಲವರು ಹೇಳುತ್ತಾರೆ. ಕೈ ಬೀಸುವುದನ್ನು ಬಿಡಿಸಲು ತರಬೇತಿ ಕೊಡಿಸಿ ಎನ್ನುತ್ತಾರೆ ಇನ್ನು ಕೆಲವರು. ಮಾತ್ರೆ ಕೊಟ್ಟರೆ ಇದೆಲ್ಲ ನಿಲ್ಲುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ ಎಂದು ನನಗನಿಸುತ್ತದೆ. ಕೈ ಬೀಸುವುದು, ಫ್ಯಾನ್ ನೋಡುವುದು, ಕಾರು ಜೋಡಿಸುವುದು ಒಂದು ಕಡೆ. ಬಾಗಿಲು ಮುಟ್ಟುವುದು ಮತ್ತು ರಾತ್ರಿಯ ಆ ಪ್ರಶ್ನೆ ಇನ್ನೊಂದು ಕಡೆ. ಮೊದಲನೆಯದನ್ನು ಅವನ ಪಾಡಿಗೆ ಬಿಡಿ. ಎರಡನೆಯದನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಿ, ತಡಮಾಡಬೇಡಿ. ಮಗುವನ್ನು ನೋಡದೆ ಪತ್ರ ಓದಿ ಇಂಥದ್ದೇ ಕಾಯಿಲೆ ಎಂದು ಹೇಳಲು ಬರುವುದಿಲ್ಲ. ಆದರೂ ನನಗೆ ಯಾಕೆ ಹೀಗನಿಸಿತು ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿದಾಗ ಮಕ್ಕಳಿಗೆ ಆಗುವ ತೊಂದರೆ ಸಣ್ಣದಲ್ಲ. ತಡೆಯಬಾರದ್ದನ್ನು ತಡೆಯುತ್ತೇವೆ, ತಡೆಯಬೇಕಾದದ್ದಕ್ಕೆ ಗೊತ್ತಿಲ್ಲದೆ ನಾವೇ ಕೈಜೋಡಿಸುತ್ತೇವೆ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದ ಮಾತ್ರಕ್ಕೆ ಅದು ರೋಗವಾಗುವುದಿಲ್ಲ. ಎಳೆಗೂಸುಗಳನ್ನೇ ನೋಡಿ: ಕಾಲು ಒದೆಯುತ್ತವೆ, ಕೈ ಬಡಿಯುತ್ತವೆ, ಮೈ ತೂಗುತ್ತವೆ. ಎಸ್ತರ್ ಥೆಲೆನ್ ಎಂಬ ಮನೋವಿಜ್ಞಾನಿ 20 ಆರೋಗ್ಯವಂತ ಶಿಶುಗಳನ್ನು ಮೊದಲ ವರ್ಷವಿಡೀ ಗಮನಿಸಿ, ಇಂಥ ಲಯಬದ್ಧ ಚಲನೆಗಳಲ್ಲಿ 47 ಬಗೆ ಇರುವುದನ್ನು 1979ರಲ್ಲಿ ದಾಖಲಿಸಿದರು. ಎರಡರಿಂದ ನಾಲ್ಕು ವರ್ಷದ ಮಕ್ಕಳಂತೂ ಅದೇ ಲೋಟ ಬೇಕು, ಅದೇ ಕಥೆ ಬೇಕು, ಕಥೆಯಲ್ಲಿ ಒಂದು ಸಾಲು ಬಿಟ್ಟರೂ ಮೊದಲಿನಿಂದ ಹೇಳು ಎಂದು ಹಟ ಹಿಡಿಯುತ್ತವೆ. ಶಾಲೆಗೆ ಹೋಗುವ ಹೊತ್ತಿಗೆ ಇದು ತಾನಾಗಿ ಕಡಿಮೆಯಾಗುತ್ತದೆ. ಹಾಗಾಗಿ ಎಷ್ಟು ಸಲ ಮಾಡುತ್ತಾನೆ ಎಂದು ಎಣಿಸಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಅದನ್ನು ಮಾಡುವ ಮುಂಚೆ ಅವನ ಒಳಗೆ ಏನಿತ್ತು, ಮಾಡಿದ ಮೇಲೆ ಏನಾಯಿತು ಎಂಬುದನ್ನು ನೋಡಬೇಕು. ಹೊರಗಿನಿಂದ ತದ್ರೂಪ ಕಾಣುವ ಎರಡು ಕ್ರಿಯೆಗಳು ಇಬ್ಬರು ಮಕ್ಕಳಲ್ಲಿ ಪೂರ್ತಿ ಬೇರೆ ಕೆಲಸ ಮಾಡುತ್ತಿರಬಹುದು. ಒಂದೇ ಮಗುವಿನಲ್ಲೂ ಬೆಳಿಗ್ಗೆ ಒಂದು ಕೆಲಸ, ಸಂಜೆ ಇನ್ನೊಂದು ಕೆಲಸ ಮಾಡುತ್ತಿರಬಹುದು.

ಒಸಿಡಿ ಇರುವವರು ಕೈ ತೊಳೆಯುವುದನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ಬರುವುದು ಒಂದು ಯೋಚನೆ: ಹಿಡಿಕೆ ಮುಟ್ಟಿದೆ, ಅದರಲ್ಲಿ ಏನೋ ಇತ್ತು, ಅದು ಮಗುವಿಗೆ ತಗಲುತ್ತದೆ. ಆ ಯೋಚನೆ ಬೇಡವೆಂದರೂ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಸಿಂಕಿನ ಮುಂದೆ ನಿಂತು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳಿನ ಸಂದು ಉಜ್ಜುತ್ತಾರೆ. ಕಿರುಬೆರಳಿಗೆ ಬರುವಷ್ಟರಲ್ಲಿ ನಡುಬೆರಳನ್ನು ಸರಿಯಾಗಿ ಉಜ್ಜಿದೆನೋ ಇಲ್ಲವೋ ಎಂಬ ಅನುಮಾನ. ಮತ್ತೆ ಹೆಬ್ಬೆರಳಿನಿಂದ. ಕೊನೆಗೆ ನಲ್ಲಿ ನಿಲ್ಲಿಸಬೇಕು, ಆದರೆ ಆ ನಲ್ಲಿಯನ್ನು ತಿರುಗಿಸಿದ್ದು ಕೊಳೆ ಕೈಯಿಂದಲೇ ಅಲ್ಲವೇ? ಮೊಣಕೈಯಿಂದ ನಿಲ್ಲಿಸಿ ಹೊರಗೆ ಬಂದಾಗ ಚರ್ಮ ಕೆಂಪಗಾಗಿ ಸೀಳಿರುತ್ತದೆ. ಒಂದು ಉಸಿರು ನಿರಾಳ. ಕೆಲವೇ ನಿಮಿಷಗಳಲ್ಲಿ ಅದೇ ಯೋಚನೆ ತಿರುಗಿ ಬರುತ್ತದೆ. ಇದರಲ್ಲಿ ಎಲ್ಲೂ ಸುಖವಿಲ್ಲ. ಕೈ ಸ್ವಚ್ಛವಾಗಿದೆ ಎಂದು ಬಹಳ ಜನರಿಗೆ ಬುದ್ಧಿಗೆ ಗೊತ್ತೇ ಇರುತ್ತದೆ, ಆದರೂ ನಿಲ್ಲಿಸಲಾಗುವುದಿಲ್ಲ. ಯೋಚನೆ, ದಿಗಿಲು, ಕ್ರಿಯೆ, ಕ್ಷಣದ ನಿರಾಳ, ಮತ್ತೆ ಯೋಚನೆ: ಈ ಸುತ್ತೇ ಒಸಿಡಿಯ ಗುರುತು. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಸಮಯ ನುಂಗಿದರೆ, ಅಥವಾ ತೀವ್ರ ಯಾತನೆ ಕೊಟ್ಟು ದಿನದ ಕೆಲಸಕ್ಕೆ ಅಡ್ಡ ಬಂದರೆ ವೈದ್ಯರು ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ. ಎಲ್ಲರಿಗೂ ಹೀಗೆ ಹೆಸರಿಡಬಹುದಾದ ಹೆದರಿಕೆಯೇ ಇರುತ್ತದೆ ಎಂದಲ್ಲ. ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, "ಏನೋ ಸರಿಯಾಗಲಿಲ್ಲ" ಎಂಬ ಅಸಹನೀಯ ಅನಿಸಿಕೆಯೊಂದೇ ಇರುತ್ತದೆ. ಅದು ಸರಿಯೆನಿಸುವವರೆಗೆ ಮುಟ್ಟುತ್ತಾರೆ, ಜೋಡಿಸುತ್ತಾರೆ, ಅಳಿಸಿ ಬರೆಯುತ್ತಾರೆ.

ಈಗ ನಿಮ್ಮ ಮಗ ಖುಷಿಯಿಂದ ಕೈ ಬೀಸುವ ಗಳಿಗೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಯಾವ ಅನಾಹುತವನ್ನೂ ತಪ್ಪಿಸುವ ಪ್ರಯತ್ನವಿಲ್ಲ. ಸಂತೋಷ ಮೈಯಲ್ಲಿ ಉಕ್ಕಿ ಕೈಯಲ್ಲಿ ಹೊರಬರುತ್ತಿದೆ. ಬೇರೆ ಸಂದರ್ಭದಲ್ಲಿ ಗದ್ದಲ, ಬೆಳಕು, ಜನ ಹೆಚ್ಚಾದಾಗ ಅದೇ ಚಲನೆ ಅವನನ್ನು ಹಿಡಿದು ನಿಲ್ಲಿಸುತ್ತಿರಬಹುದು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ 32 ವಯಸ್ಕರನ್ನು ಈ ಬಗ್ಗೆ ಕೇಳಲಾಯಿತು. ಸ್ಟಿಮ್ಮಿಂಗ್ ಎಂದು ಅವರೇ ಕರೆಯುವ ಈ ಚಲನೆಗಳು ಉಕ್ಕಿಬರುವ ಭಾವನೆಯನ್ನೂ ಇಂದ್ರಿಯಗಳ ಮೇಲಿನ ಹೊರೆಯನ್ನೂ ತಡೆದುಕೊಳ್ಳಲು ನೆರವಾಗುತ್ತವೆ ಎಂದು ಅವರು ಹೇಳಿದರು. ಬಲವಂತವಾಗಿ ಬಿಡಿಸುವುದನ್ನು ವಿರೋಧಿಸಿದರು. ದಶಕಗಳ ಕಾಲ "ಅರ್ಥವಿಲ್ಲದ ಚಲನೆ" ಎಂದು ನಮ್ಮ ವೈದ್ಯಕೀಯ ಪಠ್ಯಗಳು ಬರೆದುಕೊಂಡು ಬಂದಿದ್ದಕ್ಕೆ ಅರ್ಥವಿದೆ ಎಂದು, ಅದನ್ನು ಮಾಡುವವರನ್ನೇ ಕೇಳಿದಾಗ ತಿಳಿಯಿತು. ಇದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ಆಟಿಸಂನಲ್ಲಿ ಕಾಣುವ ಪುನರಾವರ್ತನೆಯೂ ಒಂದೇ ಬಗೆಯದಲ್ಲ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಮೊದಲ ಲೇಖನದಲ್ಲೇ, ಎಲ್ಲವೂ ಇದ್ದ ಹಾಗೆಯೇ ಇರಬೇಕು ಎಂಬ ಆ ಮಕ್ಕಳ ಕಳವಳದ ಹಟವನ್ನು ಎತ್ತಿ ಹೇಳಿದ್ದರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ 2013ರ ಐದನೇ ಆವೃತ್ತಿ ಇದನ್ನು ನಾಲ್ಕಾಗಿ ವಿಂಗಡಿಸುತ್ತದೆ: ಒಂದೇ ರೀತಿಯ ಚಲನೆ ಅಥವಾ ಮಾತು, ಬದಲಾವಣೆ ಒಪ್ಪದಿರುವುದು, ಒಂದೇ ವಿಷಯದಲ್ಲಿ ಗಾಢ ಆಸಕ್ತಿ, ಮತ್ತು ಶಬ್ದ, ಸ್ಪರ್ಶ, ಬೆಳಕು ಇತ್ಯಾದಿಗಳಿಗೆ ಅತಿಯಾಗಿ ಇಲ್ಲವೇ ತೀರಾ ಕಡಿಮೆ ಸ್ಪಂದಿಸುವುದು. ಈ ನಾಲ್ಕರಲ್ಲಿ ಎರಡಾದರೂ ಇದ್ದರೆ ಮಾತ್ರ, ಸಾಮಾಜಿಕ ಸಂವಹನದ ತೊಡಕುಗಳ ಜೊತೆಗೆ, ಆಟಿಸಂ ಎನ್ನುತ್ತಾರೆ. ಅದೇ ಆವೃತ್ತಿ ಒಸಿಡಿಯನ್ನು ಆತಂಕದ ಕಾಯಿಲೆಗಳ ಗುಂಪಿನಿಂದ ತೆಗೆದು ಅದಕ್ಕೊಂದು ಪ್ರತ್ಯೇಕ ಅಧ್ಯಾಯ ಕೊಟ್ಟಿತು. ಕೂದಲು ಕೀಳುವುದು, ಚರ್ಮ ಕೆರೆಯುವುದು, ಸಾಮಾನು ಕೂಡಿಡುವುದು ಈಗ ಅದರ ನೆರೆಯಲ್ಲಿವೆ.

ಕೈ ಬೀಸುವುದನ್ನೂ ಕೈ ತೊಳೆಯುವುದನ್ನೂ ಬೇರ್ಪಡಿಸುವುದು ಸುಲಭ. ಕಷ್ಟವಿರುವುದು ನಡುವಿನ ಜಾಗದಲ್ಲಿ, ಅಂದರೆ "ಇದ್ದ ಹಾಗೆಯೇ ಇರಬೇಕು" ಎಂಬ ಹಟದಲ್ಲಿ. ಅದೇ ದಾರಿಯಲ್ಲೇ ಹೋಗಬೇಕು, ಅದೇ ಕುರ್ಚಿಯಲ್ಲೇ ಕೂರಬೇಕು ಎನ್ನುವ ಮಗು ಆಟಿಸಂನ ಕಾರಣಕ್ಕೆ ಹಾಗನ್ನುತ್ತಿದೆಯೋ ಒಸಿಡಿಯಿಂದಲೋ ಎಂದು ಹೇಳಲು ಅನುಭವಸ್ಥರಿಗೂ ಸಮಯ ಬೇಕು. "ಬೇರೆ ದಾರಿಯಲ್ಲಿ ಹೋದರೆ ಏನಾಗುತ್ತೆ?" ಎಂದು ನಾನು ಮಕ್ಕಳನ್ನು ಕೇಳುತ್ತೇನೆ. "ನನಗೆ ಇಷ್ಟ ಇಲ್ಲ", "ಅದು ತಪ್ಪು ದಾರಿ" ಎಂದರೆ ಒಂದು ದಿಕ್ಕು. "ಅಪ್ಪನಿಗೆ ಆಕ್ಸಿಡೆಂಟ್ ಆಗುತ್ತೆ" ಎಂದರೆ ಇನ್ನೊಂದು ದಿಕ್ಕು. ಆದರೆ ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಒಳಗಿನ ಯೋಚನೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಆಗ ಮುಖವೇ ಉತ್ತರ. ಕಾರು ಜೋಡಿಸುವಾಗ ಅವನ ಹಣೆ ಸಡಿಲವಾಗಿರುತ್ತದೆಯೇ, ಬಾಗಿಲು ಮುಟ್ಟುವಾಗ ಬಿಗಿಯುತ್ತದೆಯೇ? ಕಾರಿನ ಆಟಕ್ಕೆ ತಾನಾಗಿ ಓಡಿ ಹೋಗುತ್ತಾನೆಯೇ, ಬಾಗಿಲ ಹತ್ತಿರ ಬಂದಾಗ ಹೆಜ್ಜೆ ನಿಧಾನವಾಗುತ್ತದೆಯೇ? ಯಾರೂ ನೋಡದಿರಲಿ ಎಂದು ಕಾಯುತ್ತಾನೆಯೇ? ಕಾರಿನ ಸಾಲು ಅವನ ಜೊತೆಗೇ ಬೆಳೆದು ಬಂದದ್ದು. ಬಾಗಿಲು ಬಂದು ಕೆಲವೇ ತಿಂಗಳಾಗಿದೆ, ಅದರ ಜೊತೆಗೆ ನಿಮಗೇನೋ ಆಗುತ್ತದೆ ಎಂಬ ಭಯವೂ ಬಂದಿದೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಹೋಗಿ ನಿಂತದ್ದು ಇಲ್ಲಿ.

ಎರಡೂ ಒಂದೇ ಮಗುವಿನಲ್ಲಿ ಇರಬಹುದೇ ಎಂದರೆ, ಖಂಡಿತ ಇರಬಹುದು. ಡೆನ್ಮಾರ್ಕ್‌ನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2015ರ ಅಧ್ಯಯನದ ಪ್ರಕಾರ, ಆಟಿಸಂ ಎಂದು ಮೊದಲೇ ಗುರುತಿಸಿದವರಲ್ಲಿ ಮುಂದೆ ಒಸಿಡಿ ಪತ್ತೆಯಾಗುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟು. ಒಸಿಡಿ ಎಂದು ಮೊದಲು ಗುರುತಿಸಿದವರಲ್ಲಿ ಮುಂದೆ ಆಟಿಸಂ ಪತ್ತೆಯಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಆದ್ದರಿಂದ "ಆಟಿಸಂ ಇದೆಯಲ್ಲ, ಇದೂ ಅದರದ್ದೇ" ಎಂದು ಹೊಸ ಲಕ್ಷಣವನ್ನು ಹಳೆಯ ಹೆಸರಿನ ಕೆಳಗೆ ತಳ್ಳಿಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಒಸಿಡಿಗೆ ಒಳ್ಳೆಯ ಚಿಕಿತ್ಸೆಯಿದೆ, ಅದು ಅವರಿಗೆ ಸಿಗದೆ ಹೋಗುತ್ತದೆ.

ಟಿಕ್ ಎನ್ನುವ ಹಠಾತ್ ಚಲನೆ, ಶಬ್ದಗಳ ಬಗ್ಗೆಯೂ ಎರಡು ಮಾತು ಹೇಳಬೇಕು, ಅದೂ ಇದರೊಡನೆ ಬೆರೆತು ಹೋಗುತ್ತದೆ. ಕಣ್ಣು ಮಿಟುಕಿಸುವುದು, ಭುಜ ಹಾರಿಸುವುದು, ಗಂಟಲು ಸರಿಮಾಡಿಕೊಳ್ಳುವುದು, ಕೆಲವೊಮ್ಮೆ ವಸ್ತುಗಳನ್ನು ಮುಟ್ಟುವುದು ಕೂಡ ಟಿಕ್ ಆಗಿರಬಹುದು. ಸೀನು ಬರುವ ಮುಂಚಿನ ತುರಿಕೆಯಂಥ ಒಂದು ಒತ್ತಡ ಆ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ, ಚಲನೆ ಆದ ಮೇಲೆ ಇಳಿಯುತ್ತದೆ. ಅಲ್ಲಿ ಕೇಡಾಗುತ್ತದೆಂಬ ಯೋಚನೆಯಿಲ್ಲ. ಸ್ವಲ್ಪ ಹೊತ್ತು ತಡೆಹಿಡಿಯಬಹುದು, ಪೂರ್ತಿ ಆಗುವುದಿಲ್ಲ. 1885ರಲ್ಲಿ ಒಂಬತ್ತು ರೋಗಿಗಳನ್ನು ವರ್ಣಿಸಿದ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ಡಿ ಲಾ ಟೂರೆಟ್ ಹೆಸರಿನಲ್ಲಿ ಕರೆಯುವ, ಟಿಕ್‌ಗಳೇ ಮುಖ್ಯ ಲಕ್ಷಣವಾದ ಟೂರೆಟ್ ಸಿಂಡ್ರೋಮ್ ಇರುವವರಲ್ಲಿ ಬಹಳಷ್ಟು ಜನರಿಗೆ ಒಸಿಡಿಯೂ ಇರುತ್ತದೆ.

ಎರಡೂ ಒಂದೇ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಮಿದುಳಿನೊಳಗೆ ಹೋದರೆ ಅವರ ಮಾತಿಗೂ ಒಂದು ಆಧಾರವಿದೆ. ಮಿದುಳಿನ ಮುಂಭಾಗದ ತೊಗಟೆ, ಆಳದಲ್ಲಿರುವ ಸ್ಟ್ರಯೇಟಮ್, ಅದರಾಚೆಯ ಥಲಾಮಸ್, ಅಲ್ಲಿಂದ ಮತ್ತೆ ತೊಗಟೆ: ಹೀಗೆ ಒಂದಕ್ಕೊಂದು ಜೋಡಿಸಿಕೊಂಡ ಹಲವು ನರಸುತ್ತುಗಳಿವೆ. ಒಂದು ಕೆಲಸವನ್ನು ಶುರುಮಾಡುವುದು, ಅಭ್ಯಾಸವಾಗಿಸಿಕೊಳ್ಳುವುದು, "ಇಷ್ಟು ಸಾಕು" ಎಂದು ಮುಗಿಸಿ ಮುಂದಿನದಕ್ಕೆ ಹೋಗುವುದು ಇವುಗಳ ಹೊಣೆ. ಒಸಿಡಿಯಲ್ಲಿ ಈ ಸುತ್ತಿನ ಚಟುವಟಿಕೆ ಅತಿಯಾಗಿರುತ್ತದೆ ಎಂಬುದಕ್ಕೆ ಸ್ಕ್ಯಾನ್‌ಗಳ ಪುರಾವೆಯಿದೆ. 1992ರಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಒಸಿಡಿ ರೋಗಿಗಳ ಮಿದುಳನ್ನು ಚಿಕಿತ್ಸೆಗೆ ಮುಂಚೆಯೂ ಆಮೇಲೆಯೂ ಸ್ಕ್ಯಾನ್ ಮಾಡಿದರು. ಗುಣಮುಖರಾದವರಲ್ಲಿ ಸ್ಟ್ರಯೇಟಮ್‌ನ ಭಾಗವಾದ ಕಾಡೇಟ್‌ನ ಚಟುವಟಿಕೆ ಇಳಿದಿತ್ತು. ಫ್ಲೂಆಕ್ಸೆಟಿನ್ ಮಾತ್ರೆ ತೆಗೆದುಕೊಂಡವರಲ್ಲೂ ಇಳಿದಿತ್ತು, ಮಾತ್ರೆಯೇ ಇಲ್ಲದೆ ವರ್ತನಾ ಚಿಕಿತ್ಸೆ ಮಾತ್ರ ಪಡೆದವರಲ್ಲೂ ಇಳಿದಿತ್ತು. ಅಭ್ಯಾಸದಿಂದ ಮಿದುಳೇ ಬದಲಾಗುತ್ತದೆ ಎಂದು ತಂದೆತಾಯಿಗಳಿಗೆ ಹೇಳುವಾಗ ನಾನು ಈ ಅಧ್ಯಯನವನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತೇನೆ.

ಇಲಿಗಳ ಪ್ರಯೋಗಗಳೂ ಅದೇ ಜಾಗವನ್ನು ತೋರಿಸುತ್ತವೆ. ಸ್ಯಾಪಾಪ್3 ಎಂಬ ಜೀನ್ ತೆಗೆದುಹಾಕಿದ ಇಲಿಗಳು ಮುಖ ಗಾಯವಾಗುವವರೆಗೂ ತಮ್ಮನ್ನು ತಾವು ಉಜ್ಜಿಕೊಂಡವು, ಆ ಜೀನನ್ನು ಸ್ಟ್ರಯೇಟಮ್‌ಗೆ ಮಾತ್ರ ಮರಳಿ ಕೊಟ್ಟಾಗ ಸುಧಾರಿಸಿದವು ಎಂದು 2007ರಲ್ಲಿ ವರದಿಯಾಯಿತು. ಆಟಿಸಂನ ಜೊತೆ ನಂಟಿರುವ ಶ್ಯಾಂಕ್3 ಜೀನ್ ಕೆಟ್ಟ ಇಲಿಗಳೂ 2011ರಲ್ಲಿ ಅದೇ ರೀತಿ ಮೈ ಕೆರೆದುಕೊಂಡವು, ಅಲ್ಲೂ ಸ್ಟ್ರಯೇಟಮ್‌ನ ನರಸಂಪರ್ಕಗಳಲ್ಲೇ ದೋಷವಿತ್ತು. ಇಲಿ ಮುಖ ಉಜ್ಜುವುದನ್ನು ಒಸಿಡಿ ಎಂದೋ ಆಟಿಸಂ ಎಂದೋ ಕರೆಯಲಾಗದು. ಇಲಿಗೆ ಏನನಿಸುತ್ತಿದೆ ಎಂದು ನಮಗೆ ತಿಳಿಯುವುದಿಲ್ಲ. ನಾನು ಇದರಿಂದ ತೆಗೆದುಕೊಳ್ಳುವುದು ಇಷ್ಟೇ: ಪುನರಾವರ್ತನೆಗೆ ಬೇಕಾದ ಯಂತ್ರಾಂಗ ಬಹುಮಟ್ಟಿಗೆ ಒಂದೇ ಇರಬಹುದು, ಹಾಗಾಗಿ ಹೊರನೋಟ ಹೋಲುತ್ತದೆ. ಅದನ್ನು ಓಡಿಸುತ್ತಿರುವುದು ಭಯವೋ, ಸಂತೋಷವೋ, ತಡೆಯಲಾಗದ ಶಬ್ದವೋ ಎಂಬುದು ಬೇರೆ ಬೇರೆ. ಚಿಕಿತ್ಸೆ ನಿರ್ಧಾರವಾಗುವುದು ಆ ವ್ಯತ್ಯಾಸದಿಂದ.

ಚಿಕಿತ್ಸೆಗೆ ಬರೋಣ. ಒಸಿಡಿಗೆ ಮೊದಲ ಚಿಕಿತ್ಸೆ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಎಲ್ಲರೂ ಇಆರ್‌ಪಿ ಎನ್ನುತ್ತಾರೆ. ಹೆದರಿಸುವ ಸಂದರ್ಭಕ್ಕೆ ಬೇಕೆಂದೇ, ಸ್ವಲ್ಪ ಸ್ವಲ್ಪವಾಗಿ ಎದುರಾಗುವುದು, ಮತ್ತು ಮಾಡಬೇಕೆನಿಸುವ ಕ್ರಿಯೆಯನ್ನು ಮಾಡದೆ ಇರುವುದು. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ಇಬ್ಬರು ರೋಗಿಗಳಲ್ಲಿ ಇದನ್ನು ವರದಿ ಮಾಡುವವರೆಗೆ ಒಸಿಡಿ ವಾಸಿಯಾಗದ ಕಾಯಿಲೆ ಎಂದೇ ಬಹುತೇಕರು ನಂಬಿದ್ದರು. ನಿಮ್ಮ ಮಗನ ವಿಷಯದಲ್ಲಿ ಇದು ಹೇಗಿರಬಹುದು? ಮೊದಲು ಅವನ ಜೊತೆ ಕೂತು ಒಂದು ಏಣಿ ಬರೆಯುತ್ತಾರೆ. ಯಾವ ಬಾಗಿಲು ಸುಲಭ, ಯಾವುದು ಕಷ್ಟ? ಬಹುಶಃ ಬಚ್ಚಲುಮನೆಯ ಬಾಗಿಲು ಸುಲಭ, ನೀವು ಮಲಗುವ ಕೋಣೆಯ ಬಾಗಿಲು ತುಂಬ ಕಷ್ಟ. ಸುಲಭದ ಬಾಗಿಲಿನಿಂದ ಒಂದೇ ಸಲ ಮುಟ್ಟಿ ಹೊರಗೆ ಬಂದು, ಹಿಂದಕ್ಕೆ ಹೋಗದೆ, ಆ ತಳಮಳದ ಜೊತೆ ನಿಲ್ಲುತ್ತಾನೆ. ಚಿಕಿತ್ಸಕರು ಪಕ್ಕದಲ್ಲಿರುತ್ತಾರೆ. ಭಯ ಎಷ್ಟಿದೆ ಎಂದು ಹತ್ತರಲ್ಲಿ ಅಂಕ ಕೊಡುತ್ತಾನೆ. ಎಂಟು ಇದ್ದದ್ದು ನಿಧಾನಕ್ಕೆ ಇಳಿಯಬಹುದು. ಇಳಿಯದಿದ್ದರೂ ಅವನು ತಡೆದುಕೊಂಡ, ಅಮ್ಮನಿಗೆ ಏನೂ ಆಗಲಿಲ್ಲ ಎಂಬುದನ್ನು ಅವನ ಮಿದುಳು ಕಲಿಯುತ್ತದೆ. ನಾಳೆ ಅದೇ ಬಾಗಿಲು, ಮುಟ್ಟದೆಯೇ. ಆಮೇಲೆ ಮುಂದಿನ ಬಾಗಿಲು.

ಆಟಿಸಂ ಇರುವ ಮಕ್ಕಳಿಗೆ ಇದನ್ನು ಅವರಿಗೆ ಒಗ್ಗುವಂತೆ ಹೊಂದಿಸಬೇಕು. "ನಿನ್ನ ಭಾವನೆ ಹೇಗಿದೆ?" ಎಂದು ಕೇಳುವ ಬದಲು ಚಿತ್ರ, ಬಣ್ಣ, ಅಂಕಿ ಬಳಸಬೇಕು. ಪ್ರತಿ ಭೇಟಿಯ ರೂಪ ಒಂದೇ ಇರಬೇಕು. ಅವನ ಆಸಕ್ತಿಯನ್ನು ಒಳಗೆ ತರಬೇಕು: ಏಣಿಯ ಬದಲು ಬಣ್ಣದ ಕಾರುಗಳ ಸಾಲನ್ನೇ ಮಾಡಿ, ಒಂದೊಂದು ಬಾಗಿಲು ಗೆದ್ದಾಗ ಒಂದೊಂದು ಕಾರು ಮುಂದೆ ಹೋಗಲಿ. ಹೆಚ್ಚು ಭೇಟಿಗಳು ಬೇಕಾಗುತ್ತವೆ, ತಂದೆತಾಯಿ ಪೂರ್ತಿ ಜೊತೆಗಿರಬೇಕಾಗುತ್ತದೆ. ಹೀಗೆ ಮಾರ್ಪಡಿಸಿದಾಗ ಆಟಿಸಂ ಇರುವವರಿಗೂ ಈ ಚಿಕಿತ್ಸೆ ಫಲ ಕೊಡುತ್ತದೆ. ಹಾಗಾಗಿ ಆಟಿಸಂ ಇರುವ ಮಗುವಿಗೆ ಇದು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಹುಡುಕಿ.

ರಾತ್ರಿಯ ಪ್ರಶ್ನೆಗೆ ನೀವು ಏನು ಮಾಡುತ್ತಿದ್ದೀರಿ ಎಂದು ಬರೆದಿಲ್ಲ. ಯಾವ ತಾಯಿಯಾದರೂ ಮಾಡುವುದನ್ನೇ ಮಾಡುತ್ತಿರಬೇಕು: "ಏನೂ ಆಗಲ್ಲ ಕಂದಾ, ಮಲಗು." ಒಸಿಡಿಯ ಮುಂದೆ ಈ ಭರವಸೆ ಉಪ್ಪುನೀರು ಕುಡಿದು ದಾಹ ತೀರಿಸಿಕೊಂಡ ಹಾಗೆ. ಕೇಳಿದ ಗಳಿಗೆಗೆ ಸಮಾಧಾನ, ಸ್ವಲ್ಪ ಹೊತ್ತಿಗೆ ಇನ್ನೂ ಹೆಚ್ಚು ಬೇಕು. ಪ್ರಶ್ನೆ ಕೇಳುವುದೇ ಇಲ್ಲಿ ಬಾಗಿಲು ಮುಟ್ಟುವುದರ ಇನ್ನೊಂದು ರೂಪ, ಉತ್ತರ ಕೊಡುವ ನೀವು ಆ ಕ್ರಿಯೆಯ ಅರ್ಧ ಭಾಗ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಪ್ರೀತಿಯಿಂದ ಮಾಡಿದ್ದು. ಆದರೂ ಮನೆಯವರು ಹೀಗೆ ಹೊಂದಿಕೊಂಡು ಹೋದಷ್ಟೂ ಕಾಯಿಲೆ ಗಟ್ಟಿಯಾಗುತ್ತದೆ, ಚಿಕಿತ್ಸೆಗೂ ಅಡ್ಡಿಯಾಗುತ್ತದೆ. ಹಾಗೆಂದು ಇವತ್ತೇ ಬಾಯಿ ಮುಚ್ಚಿಕೊಂಡುಬಿಡಬೇಡಿ, ಅವನು ಕಂಗಾಲಾಗುತ್ತಾನೆ. ಹಗಲಿನಲ್ಲಿ, ಅವನು ಶಾಂತವಾಗಿರುವಾಗ, ಮೊದಲೇ ಹೇಳಿ ಒಪ್ಪಂದ ಮಾಡಿಕೊಳ್ಳಿ: ರಾತ್ರಿ ಒಂದು ಸಲ ಉತ್ತರ ಕೊಡುತ್ತೇನೆ, ಆಮೇಲೆ ಕೇಳಿದರೆ ಹೀಗೆ ಹೇಳುತ್ತೇನೆ. ಏನು ಹೇಳಬೇಕೆಂದರೆ, "ಇದು ಆ ಹೆದರಿಕೆ ಕೇಳಿಸ್ತಿರೋ ಪ್ರಶ್ನೆ. ನಾನು ಉತ್ತರ ಕೊಡಲ್ಲ, ಆದ್ರೆ ನಿನ್ನ ಪಕ್ಕದಲ್ಲೇ ಕೂತಿರ್ತೀನಿ." ಅದೇ ಮಾತು, ಅದೇ ಧ್ವನಿ, ಮನೆಯಲ್ಲಿ ಎಲ್ಲರೂ. ಒಬ್ಬರು ಭರವಸೆ ಕೊಡದೆ ಇನ್ನೊಬ್ಬರು ಕೊಟ್ಟರೆ ಅವನು ಆ ಇನ್ನೊಬ್ಬರ ಬಳಿಗೆ ಹೋಗುತ್ತಾನೆ, ಅಷ್ಟೇ. ಸಾಧ್ಯವಾದರೆ ಇದನ್ನೂ ಚಿಕಿತ್ಸಕರ ಮಾರ್ಗದರ್ಶನದಲ್ಲೇ ಶುರುಮಾಡಿ.

ಒಂದು ಎಚ್ಚರಿಕೆ. ಆಟಿಸಂ ಇರುವ ಮಗು ಕೇಳಿದ್ದನ್ನೇ ಕೇಳುವುದೆಲ್ಲ ಒಸಿಡಿ ಅಲ್ಲ. "ಬಸ್ ಎಷ್ಟು ಗಂಟೆಗೆ?" ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದರೆ ದಿನ ಹೇಗೆ ಸಾಗುತ್ತದೆ ಎಂದು ಅವನಿಗೆ ನಿಜವಾಗಿ ತಿಳಿಯಬೇಕಾಗಿರಬಹುದು. ಗೋಡೆಯ ಮೇಲೆ ಚಿತ್ರಗಳ ವೇಳಾಪಟ್ಟಿ ಹಾಕಿದರೆ ಆ ಪ್ರಶ್ನೆ ನಿಲ್ಲುತ್ತದೆ. ಅದೇ ಉತ್ತರವನ್ನು ಅದೇ ರಾಗದಲ್ಲಿ ಕೇಳುವುದೇ ಅವನಿಗೆ ಹಿತವೆನಿಸಿ, ನಿಮ್ಮೊಡನೆ ಮಾತಾಡುವ ಅವನ ದಾರಿಯೂ ಅದೇ ಆಗಿರಬಹುದು. ಅಂಥ ಪ್ರಶ್ನೆಗೆ ಧಾರಾಳವಾಗಿ ಉತ್ತರ ಕೊಡಿ. ಉತ್ತರ ಸಿಕ್ಕಾಗ ಮುಖ ಅರಳುತ್ತದೋ, ಇನ್ನೊಂದು ಪ್ರಶ್ನೆಗೆ ಬಿಗಿಯುತ್ತದೋ ಎಂಬುದನ್ನು ನೋಡಿ.

ಮಾತ್ರೆಯ ವಿಷಯದಲ್ಲಿ ಜನರಲ್ಲಿರುವ ಗೊಂದಲ ದೊಡ್ಡದು. ಒಸಿಡಿಗೆ ಮಿದುಳಿನ ರಾಸಾಯನಿಕವಾದ ಸೆರಟೋನಿನ್ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ನಿಜವಾಗಿ ಉಪಯುಕ್ತ. ಪೂರ್ಣ ಪರಿಣಾಮ ಕಾಣಲು 8ರಿಂದ 12 ವಾರ ಬೇಕು, ವಯಸ್ಕರಿಗೆ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುವುದೂ ಉಂಟು. ಒಸಿಡಿ ಇರುವ 112 ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರೆ ಮತ್ತು ವರ್ತನಾ ಚಿಕಿತ್ಸೆ ಎರಡನ್ನೂ ಸೇರಿಸಿ ಕೊಟ್ಟಾಗ ಫಲ ಅತ್ಯುತ್ತಮವಾಗಿತ್ತು. ಅದೇ ಔಷಧಗಳು ಆಟಿಸಂನ ಕೈ ಬೀಸುವಿಕೆ, ಮೈ ತೂಗುವಿಕೆಗಳನ್ನೂ ಕಡಿಮೆ ಮಾಡುತ್ತವೆ ಎಂದು ಬಹಳ ವರ್ಷ ನಂಬಿ ಬರೆದುಕೊಟ್ಟೆವು. 2009ರಲ್ಲಿ ಆಟಿಸಂ ವರ್ಗದ ತೊಂದರೆಗಳಿರುವ 149 ಮಕ್ಕಳ ಮೇಲೆ ಇದೇ ಗುಂಪಿನ ಸಿಟಾಲೊಪ್ರಾಮ್ ಪರೀಕ್ಷಿಸಿದಾಗ ಸುಧಾರಿಸಿದವರ ಪ್ರಮಾಣ ಔಷಧದ ಗುಂಪಿನಲ್ಲೂ ಬರೀ ಹುಸಿಮಾತ್ರೆಯ ಗುಂಪಿನಲ್ಲೂ ಸುಮಾರು ಮೂರನೇ ಒಂದು, ಎರಡೂ ಒಂದೇ. ಔಷಧ ಪಡೆದ ಮಕ್ಕಳಲ್ಲಿ ಚಡಪಡಿಕೆ, ನಿದ್ರೆಗೇಡು ಹೆಚ್ಚಾದವು. ಯಾವುದನ್ನು ಕಡಿಮೆ ಮಾಡಲು ಕೊಟ್ಟಿದ್ದರೋ ಆ ಪುನರಾವರ್ತನೆಯ ಚಲನೆಗಳೂ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಸೇರಿದವು. ಬೇರೆ ಗುಂಪಿನ ಔಷಧಗಳಾದ ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್‌ಗೆ 2006 ಮತ್ತು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟದ್ದು ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕು, ಆಕ್ರಮಣಶೀಲತೆಗೆ. ಅವು ತೂಕ ಹೆಚ್ಚಿಸುತ್ತವೆ, ಅದರಲ್ಲೂ ರಿಸ್ಪೆರಿಡೋನ್. ಖುಷಿಯಿಂದ ಕೈ ಬೀಸುವ ಮಗುವಿಗೆ ಅವುಗಳ ಅಗತ್ಯ ನನಗೆ ಕಾಣುವುದಿಲ್ಲ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಬಾಗಿಲಿನ ತೊಂದರೆ ಒಸಿಡಿ ಎಂದು ಖಚಿತವಾದರೆ ಮಾತ್ರೆ ನೆರವಾಗಬಹುದು. ಕೈ ಬೀಸುವುದು ನಿಲ್ಲಲಿ ಎಂದು ಮಾತ್ರೆ ಬೇಡ. ಆಟಿಸಂ ಇರುವ ಮಕ್ಕಳಲ್ಲಿ ಎಸ್‌ಎಸ್‌ಆರ್‌ಐ ಅನ್ನು ತೀರಾ ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ದೆ ಕೆಡುವುದು, ತನಗೆ ತಾನು ಹಾನಿ ಮಾಡಿಕೊಳ್ಳುವ ಮಾತು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಕೈ ಬೀಸುವುದನ್ನು ಬಿಡಿಸುವ ತರಬೇತಿ ನನಗೆ ಒಪ್ಪಿಗೆಯಿಲ್ಲ. "ಕೈ ಕೆಳಗೆ" ಎಂದು ದಿನವಿಡೀ ಹೇಳಿಸಿಕೊಂಡ ಮಗು ಕೈಯನ್ನು ಕೆಳಗಿಡಲು ತನ್ನ ಗಮನವನ್ನೆಲ್ಲ ಖರ್ಚುಮಾಡುತ್ತದೆ, ಪಾಠಕ್ಕೆ ಏನೂ ಉಳಿಯುವುದಿಲ್ಲ. ಪುನರಾವರ್ತನೆ ಗಾಯ ಮಾಡುತ್ತಿದ್ದರೆ ಮಾತ್ರ ಮಾತು ಬೇರೆ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಕಂಡರೆ ಮೊದಲು ಹುಡುಕಬೇಕಾದದ್ದು ನೋವು: ಕಿವಿಯ ಸೋಂಕು, ಹಲ್ಲು, ಮಲಬದ್ಧತೆ, ಎದೆಯುರಿ. ಮಾತು ಬಾರದ ಮಕ್ಕಳಿಗೆ ಹೊಟ್ಟೆನೋವನ್ನು ಹೇಳಲು ತಲೆ ಚಚ್ಚಿಕೊಳ್ಳುವುದು ಬಿಟ್ಟರೆ ದಾರಿಯೇ ಇರದೆ ಹೋಗಬಹುದು. ನೋವಿಲ್ಲವೆಂದಾದರೆ, ಅದರಿಂದ ಅವನು ಏನನ್ನು ಕೇಳುತ್ತಿದ್ದಾನೆ ಎಂದು ಪತ್ತೆಹಚ್ಚಿ, ಅದನ್ನೇ ಒಂದು ಕಾರ್ಡ್ ತೋರಿಸಿ ಇಲ್ಲವೇ ಸನ್ನೆ ಮಾಡಿ ಕೇಳಲು ಕಲಿಸುತ್ತಾರೆ. 1985ರಿಂದ ಪ್ರಯೋಗಗಳಲ್ಲಿ ಸಾಬೀತಾಗುತ್ತಾ ಬಂದ ವಿಧಾನ ಇದು.

ಬಾಗಿಲಲ್ಲಿ ಹಿಂದೆ ಮುಂದೆ ಹೋಗುತ್ತಾನೆ ಎಂದು ಬರೆದಿದ್ದೀರಿ, ಅದಕ್ಕೇ ಇನ್ನೊಂದು ಸಾಧ್ಯತೆಯನ್ನೂ ಹೇಳಲೇಬೇಕು. ಆಟಿಸಂ ಇರುವವರಲ್ಲಿ, ಹೆಚ್ಚಾಗಿ ಹದಿಹರೆಯದಲ್ಲಿ, ಕೆಟಟೋನಿಯಾ ಎಂಬ ಸ್ಥಿತಿ ಬರಬಹುದು. ಚಲನೆ ನಿಧಾನವಾಗುತ್ತದೆ, ಶುರುಮಾಡಿದ ಕೆಲಸದ ನಡುವೆ ಹಾಗೇ ನಿಂತುಬಿಡುತ್ತಾರೆ, ತುತ್ತು ಬಾಯಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ, ಹೊಸ್ತಿಲು ದಾಟಲಾಗದೆ ಹಿಂದೆ ಮುಂದೆ ಆಡುತ್ತಾರೆ, ಯಾರಾದರೂ ಮುಟ್ಟಿದರೆ ಅಥವಾ ಹೇಳಿದರೆ ಮಾತ್ರ ಮುಂದುವರಿಯುತ್ತಾರೆ. ಬ್ರಿಟನ್ನಿನ ಆಟಿಸಂ ತಜ್ಞರಾದ ಲೋರ್ನಾ ವಿಂಗ್ ಮತ್ತು ಅಮಿತಾ ಶಾ 2000ದಲ್ಲಿ ವರದಿ ಮಾಡಿದಂತೆ, ಅವರ ಕೇಂದ್ರಕ್ಕೆ ಬಂದ ಆಟಿಸಂ ಇರುವವರಲ್ಲಿ 15 ವರ್ಷ ದಾಟಿದವರ ಪೈಕಿ ಶೇ. 17ರಷ್ಟು ಜನರಲ್ಲಿ ಇದಿತ್ತು. ಹೊರಗಿನಿಂದ ನೋಡಿದರೆ ಒಸಿಡಿಯಂತೆಯೇ ಕಾಣುತ್ತದೆ, ಚಿಕಿತ್ಸೆ ಪೂರ್ತಿ ಬೇರೆ. ನಿಮ್ಮ ಮಗನಲ್ಲಿ ಭಯದ ಪ್ರಶ್ನೆ ಸ್ಪಷ್ಟವಾಗಿರುವುದರಿಂದ ನನಗೆ ಒಸಿಡಿಯೇ ಹೆಚ್ಚು ಸಂಭವ ಎನಿಸುತ್ತದೆ. ಆದರೆ ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದರಲ್ಲೂ ಅವನು ನಿಧಾನವಾಗಿದ್ದಾನೆಯೇ, ಮಾತು ಕಡಿಮೆಯಾಗಿದೆಯೇ ಎಂದು ನೋಡಿ. ಹಾಗಿದ್ದರೆ ಇದೇ ವಾರ ವೈದ್ಯರನ್ನು ಕಾಣಿ. ಇವೆಲ್ಲ ಒಂದೆರಡು ದಿನದಲ್ಲಿ ದಿಢೀರನೆ ಶುರುವಾಗಿ, ಊಟ ಬಿಟ್ಟುಬಿಟ್ಟಿದ್ದರೆ ಅಥವಾ ಪದೇ ಪದೇ ಮೂತ್ರಕ್ಕೆ ಹೋಗುವುದು, ಕೈಬರಹ ಹದಗೆಡುವುದು ಜೊತೆಗಿದ್ದರೆ ಆಗಲೂ ಅಷ್ಟೇ ಬೇಗ ತೋರಿಸಬೇಕು. ಕೆಲವು ಮಕ್ಕಳಲ್ಲಿ ಸೋಂಕಿನ ನಂತರ ಹೀಗೆ ಹಠಾತ್ತಾಗಿ ಒಸಿಡಿ ಕಾಣಿಸಿಕೊಳ್ಳುವುದನ್ನು 1998ರಿಂದ ವರ್ಣಿಸುತ್ತಾ ಬಂದಿದ್ದಾರೆ.

ವೈದ್ಯರಲ್ಲಿಗೆ ಹೋಗುವ ಮುಂಚೆ ಒಂದು ವಾರ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಬಾಗಿಲು, ಯಾವ ಹೊತ್ತು, ಅದಕ್ಕೆ ಮುಂಚೆ ಏನು ನಡೆದಿತ್ತು, ಮುಗಿದ ಮೇಲೆ ಅವನು ಹೇಗಿದ್ದ, ನೀವು ಏನು ಹೇಳಿದಿರಿ, ಒಟ್ಟು ಎಷ್ಟು ಸಮಯ ಹೋಯಿತು ಎಂದು ಬರೆಯಿರಿ. ಅವನಿಗೆ ಮುಜುಗರವಾಗದಂತೆ ಫೋನಿನಲ್ಲಿ ಎರಡು ಚಿಕ್ಕ ವಿಡಿಯೋ ತೆಗೆಯಿರಿ: ಕಾರು ಜೋಡಿಸುತ್ತಿರುವುದು ಒಂದು, ಬಾಗಿಲು ದಾಟುತ್ತಿರುವುದು ಇನ್ನೊಂದು. ಹೊಸ ಜಾಗದಲ್ಲಿ ಇಂಥ ಮಕ್ಕಳು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ, ಅದಕ್ಕೆ ನಾವು ವೈದ್ಯರಿಗೆ ವಿಡಿಯೋದಿಂದ ತಿಳಿಯುವಷ್ಟು ಅರ್ಧ ಗಂಟೆಯ ಭೇಟಿಯಿಂದ ತಿಳಿಯುವುದಿಲ್ಲ. ಅವರನ್ನು ನೇರವಾಗಿ ಕೇಳಿ: ಇಆರ್‌ಪಿ ಮಾಡುವವರು ನಿಮ್ಮಲ್ಲಿ ಇದ್ದಾರೆಯೇ, ಆಟಿಸಂ ಇರುವ ಮಕ್ಕಳೊಡನೆ ಮಾಡಿದ ಅನುಭವ ಅವರಿಗಿದೆಯೇ, ಮನೆಯವರಿಗೂ ಕಲಿಸುತ್ತಾರೆಯೇ? ಅಲ್ಲಿಯವರೆಗೆ ಬಾಗಿಲಲ್ಲಿ ಅವನನ್ನು ಕೈಹಿಡಿದು ಎಳೆಯಬೇಡಿ, ಗದರಬೇಡಿ. ಅವನ ಜೊತೆ ನೀವೂ ಮುಟ್ಟಬೇಡಿ, ಅವನ ಪರವಾಗಿ ಎಣಿಸಬೇಡಿ.